ತೊಂಬತ್ತು ಸೆಕೆಂಡಿನ ಡೆಮೊಗೆ ಎಷ್ಟು ಖರ್ಚು?

2008ರ ಮೊದಲ ತಿಂಗಳುಗಳಲ್ಲಿ ಕಡತಗಳನ್ನು ಅಂತರ್ಜಾಲದಲ್ಲಿ ಇಟ್ಟುಕೊಳ್ಳುವ ಸೇವೆಯಾದ ಡ್ರಾಪ್‌ಬಾಕ್ಸ್ ಇನ್ನೂ ಜನರ ಕೈಗೆ ಬಂದಿರಲಿಲ್ಲ. ಸ್ಥಾಪಕ ಡ್ರೂ ಹ್ಯೂಸ್ಟನ್ ತಮ್ಮ ಕಂಪ್ಯೂಟರಿನ ಪರದೆಯನ್ನೇ ರೆಕಾರ್ಡ್ ಮಾಡಿ, ತಮ್ಮದೇ ದನಿ ಕೊಟ್ಟು, ಕೆಲವೇ ನಿಮಿಷದ ಒಂದು ಡೆಮೊ ತಯಾರಿಸಿ ಸುದ್ದಿಕೊಂಡಿ ಹಂಚಿಕೊಳ್ಳುವ ಡಿಗ್ ತಾಣದ ಓದುಗರ ಮುಂದಿಟ್ಟರು. ಬೀಟಾ ಆವೃತ್ತಿಗೆ ಕಾಯುತ್ತಿದ್ದವರ ಪಟ್ಟಿ ಬೆಳಗಾಗುವುದರೊಳಗೆ 5,000ದಿಂದ 75,000ಕ್ಕೆ ಏರಿತು. ಮುಂದೆ ಅದೇ ಕಂಪನಿ ಗೂಗಲ್ ಜಾಹೀರಾತಿಗೆ ದುಡ್ಡು ಹಾಕಿಯೂ ನೋಡಿತು. ಹ್ಯೂಸ್ಟನ್ ಆಮೇಲೆ ಬಿಚ್ಚಿಟ್ಟ ಲೆಕ್ಕದಂತೆ, 99 ಡಾಲರಿನ ಸರಕಿಗೆ ಒಬ್ಬ ಗಿರಾಕಿಯನ್ನು ಕರೆತರಲು 233ರಿಂದ 388 ಡಾಲರ್ ಬೀಳುತ್ತಿತ್ತು.

ಆ ಡೆಮೊದಲ್ಲಿ ಕ್ಯಾಮೆರಾ ಇಲ್ಲ, ನಟರಿಲ್ಲ, ಗ್ರಾಫಿಕ್ಸ್ ಇಲ್ಲ. ಇದ್ದದ್ದು ಫೋಲ್ಡರುಗಳ ನಡುವೆ ಓಡಾಡುವ ಕಡತಗಳು. ಆದರೆ ಡಿಗ್ ಓದುಗರಷ್ಟೇ ಗುರುತು ಹಿಡಿದು ನಗುವಂಥ ತಮಾಷೆಗಳನ್ನು ಆ ಕಡತಗಳ ನಡುವೆ ಹುದುಗಿಸಿದ್ದರು. ನೋಡುವವರು ಯಾರು ಎಂಬುದನ್ನು ಮೊದಲೇ ನಿರ್ಧರಿಸಿ ಮಾಡಿದ ಕೆಲಸ ಅದು. ಅದಕ್ಕೆ ಹಣಕ್ಕಿಂತ ತಲೆ ಬೇಕಿತ್ತು.

ಇನ್ನೊಂದು ಪ್ರಸಿದ್ಧ ಲೆಕ್ಕ ಡಾಲರ್ ಶೇವ್ ಕ್ಲಬ್‌ನದು. ರೇಜರ್ ಮಾರುವ ಈ ವೆಬ್‌ಸೈಟು 2012ರಲ್ಲಿ ಸುಮಾರು 4,500 ಡಾಲರಿಗೆ ಒಂದು ವಿಡಿಯೊ ಮಾಡಿಸಿತು. ಎರಡು ದಿನದಲ್ಲಿ 12,000 ಆರ್ಡರ್ ಬಂದವು, ಅಂದರೆ ಆರ್ಡರಿಗೆ 37.5 ಸೆಂಟ್. ಈ ಅಂಕಿಯನ್ನು ನಂಬಿಕೊಂಡು ಬಜೆಟ್ ಹಾಕಬೇಡಿ. ಆ ವಿಡಿಯೊದಲ್ಲಿ ಕಾಣಿಸಿಕೊಂಡ ಸ್ಥಾಪಕ ಮೈಕಲ್ ಡುಬಿನ್ ವರ್ಷಗಟ್ಟಲೆ ಹಾಸ್ಯ ನಟನೆ ಕಲಿತವರು. ಆ ಕಲಿಕೆಯ ಬೆಲೆ 4,500ರಲ್ಲಿ ಸೇರಿಲ್ಲ.

ಈಗ ನಮ್ಮೂರ ಲೆಕ್ಕ. ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಒಂದಕ್ಕೆ 90 ಸೆಕೆಂಡಿನ ಕನ್ನಡ ಡೆಮೊ ಬೇಕು ಎಂದಿಟ್ಟುಕೊಳ್ಳೋಣ. ಪರದೆಯ ರೆಕಾರ್ಡಿಂಗ್, ಅದರ ಮೇಲೆ ದನಿ, ಅಷ್ಟೇ. ಕೇಳುವವರಿಗೆ ಅರ್ಥವಾಗುವಂತೆ ಓದಿದರೆ ಕನ್ನಡದಲ್ಲಿ ನಿಮಿಷಕ್ಕೆ ಸುಮಾರು 100 ಪದ. ಅಂದರೆ ಇಡೀ ಸ್ಕ್ರಿಪ್ಟ್ 150 ಪದ, ಅರ್ಧ ಪುಟವೂ ಇಲ್ಲ. ನನ್ನ ಅಂದಾಜಿನಲ್ಲಿ ಈ ಅರ್ಧ ಪುಟಕ್ಕೆ 8 ಗಂಟೆ ಹಿಡಿಯುತ್ತದೆ. ತೋರಿಸಲು ಬೇಕಾದ ಮಾದರಿ ಮಾಹಿತಿ ತುಂಬಲು 4, ರೆಕಾರ್ಡಿಂಗ್‌ಗೆ 4, ವಾಯ್ಸ್ ಓವರ್‌ಗೆ 2, ಎಡಿಟಿಂಗ್‌ಗೆ 14, ಸಬ್‌ಟೈಟಲ್‌ಗೆ 2, ಕರೆಕ್ಷನ್‌ಗೆ 6. ಒಟ್ಟು 40 ಗಂಟೆ. ದರ ಊರಿಂದೂರಿಗೆ, ಆಳಿಂದಾಳಿಗೆ ಬೇರೆ. ಲೆಕ್ಕಕ್ಕೆಂದು ಗಂಟೆಗೆ 600 ರೂಪಾಯಿ ಹಿಡಿದರೆ 24,000 ಆಯಿತು. ಮಾಡುವವರು ಜಿಎಸ್‌ಟಿ ನೋಂದಣಿ ಹೊಂದಿದ್ದರೆ ಶೇ. 18ರಂತೆ 4,320 ಸೇರಿ 28,320. ತೆರಿಗೆ ಬಿಟ್ಟು ನೋಡಿದರೂ ಸೆಕೆಂಡಿಗೆ 267 ರೂಪಾಯಿ. 'ನಮಸ್ಕಾರ, ನಮ್ಮ ಸಂಸ್ಥೆಗೆ ತಮಗೆಲ್ಲ ಆದರದ ಸ್ವಾಗತ' ಎಂದು ಶುರು ಮಾಡಿದರೆ ಲೋಗೊ ತಿರುಗುವ ಹೊತ್ತೂ ಸೇರಿ ಐದು ಸೆಕೆಂಡ್, ಅಂದರೆ 1,300 ರೂಪಾಯಿಗೂ ಹೆಚ್ಚು ಹೋಯಿತು. ಯೂಟ್ಯೂಬ್ ಜಾಹೀರಾತಿನಲ್ಲಿ 'ಸ್ಕಿಪ್' ಗುಂಡಿ ಕಾಣಿಸಿಕೊಳ್ಳುವುದೂ ಸರಿಯಾಗಿ ಐದು ಸೆಕೆಂಡಿಗೇ. ಆ ಹೊತ್ತಿಗೆ ನಿಮಗೆ ಸಿಗುವುದು ಎಂಟು ಪದ.

ಮಾದರಿ ಮಾಹಿತಿಗೆ 4 ಗಂಟೆಯೇ ಎಂದು ಹುಬ್ಬೇರಿಸುವವರಿದ್ದಾರೆ. ಅಗ್ಗದ ಡೆಮೊಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ: ಗಿರಾಕಿಯ ಹೆಸರು 'ಟೆಸ್ಟ್ 1', ಸರಕಿನ ಹೆಸರು 'ಎಬಿಸಿ', ಬಿಲ್ಲಿನ ಮೊತ್ತ 1 ರೂಪಾಯಿ. ಕಿರಾಣಿ ಅಂಗಡಿಯವರಿಗೆ ಅದು ತಮ್ಮ ಅಂಗಡಿ ಅನ್ನಿಸುವುದೇ ಇಲ್ಲ. ಸೋನಾ ಮಸೂರಿ 25 ಕೆ.ಜಿ., ತೊಗರಿಬೇಳೆ 2 ಕೆ.ಜಿ., ಹಿಂದಿನ ಬಾಕಿ 340 ರೂಪಾಯಿ ಎಂದು ಪರದೆಯ ಮೇಲೆ ಕಂಡರೆ ಮಾತು ಬೇರೆ. ಇನ್ನು ನಿಜವಾದ ಗಿರಾಕಿಗಳ ಫೋನ್ ನಂಬರ್ ಇರುವ ಪರದೆಯನ್ನೇ ರೆಕಾರ್ಡ್ ಮಾಡಿ ಹರಿಯಬಿಡುವುದು ಖರ್ಚಿನ ಪ್ರಶ್ನೆಯಲ್ಲ, ತಪ್ಪು.

ಪರದೆಯ ಗಾತ್ರಕ್ಕೂ ಲೆಕ್ಕವಿದೆ. 1920×1080 ಅಂದರೆ 20,73,600 ಚುಕ್ಕಿ. ಸೆಕೆಂಡಿಗೆ 30 ಫ್ರೇಮಿನಂತೆ 90 ಸೆಕೆಂಡಿಗೆ 2,700 ಫ್ರೇಮು. ಒತ್ತಿ ಚಿಕ್ಕದು ಮಾಡದೆ ಉಳಿಸಿದರೆ ಒಂದು ನಿಮಿಷಕ್ಕೇ 11 ಜಿಬಿ ದಾಟುತ್ತದೆ. ಯೂಟ್ಯೂಬ್ ಸೂಚಿಸುವ 8 ಎಂಬಿಪಿಎಸ್‌ನಲ್ಲಿ ಅದೇ ನಿಮಿಷ 60 ಎಂಬಿ. ಆದರೆ ನೋಡುವವರ ಕೈಯಲ್ಲಿರುವುದು ಆರು ಇಂಚಿನ ಮೊಬೈಲು. ಬ್ರೌಸರನ್ನು ಶೇ. 150ಕ್ಕೆ ಹಿಗ್ಗಿಸಿಕೊಂಡು ರೆಕಾರ್ಡ್ ಮಾಡುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಆದರೂ ಎಷ್ಟೋ ಜನ ಮಾಡುವುದಿಲ್ಲ.

ತಂತ್ರಾಂಶದ ಖರ್ಚು ಸೊನ್ನೆಗೆ ಇಳಿಸಬಹುದು. ರೆಕಾರ್ಡಿಂಗ್‌ಗೆ ಒಬಿಎಸ್, ದನಿಗೆ ಆಡಾಸಿಟಿ ಪುಕ್ಕಟೆ. ಎಡಿಟಿಂಗ್‌ಗೆ ಡವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ ಸಾಕು. ಕನ್ನಡಕ್ಕೆ ಮಾತ್ರ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಕೆಲವು ತಂತ್ರಾಂಶಗಳಲ್ಲಿ ಸರಿಯಾದ ಸೆಟ್ಟಿಂಗ್ ಆರಿಸದಿದ್ದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಜಾರುತ್ತದೆ. ಕನ್ನಡ ಓದಲು ಬಾರದ ಎಡಿಟರ್‌ಗೆ ಅದು ತಪ್ಪೆಂದೇ ತಿಳಿಯುವುದಿಲ್ಲ, ರೆಂಡರ್ ಮಾಡಿ ಕಳಿಸಿಬಿಡುತ್ತಾರೆ. ಸಬ್‌ಟೈಟಲ್ ಬೇಡ ಅನ್ನುವಂತೆಯೂ ಇಲ್ಲ. 2018ರ ಏಪ್ರಿಲ್‌ನಿಂದ ಕ್ರೋಮ್ ಬ್ರೌಸರು ದನಿಯಿರುವ ವಿಡಿಯೊ ತಾನಾಗಿ ಶುರುವಾಗುವುದನ್ನು ಬಹುಮಟ್ಟಿಗೆ ತಡೆಯುತ್ತಿದೆ. ನಿಮ್ಮ ವೆಬ್‌ಸೈಟಿನ ಮುಖಪುಟದಲ್ಲಿ ಡೆಮೊ ತಾನಾಗಿ ಓಡಬೇಕಾದರೆ ಅದು ಮೂಕಿ ಚಿತ್ರವಾಗಿರಬೇಕು.

ಆ್ಯಪ್ ಅಂಗಡಿ, ಜಾಹೀರಾತು ತಾಣಗಳ ಕಟ್ಟಳೆಯೂ ಬಜೆಟ್ಟಿಗೆ ಬರುತ್ತದೆ. ಆಪಲ್ ಆ್ಯಪ್ ಸ್ಟೋರ್‌ನಲ್ಲಿ ಒಂದು ಪ್ರಿವ್ಯೂ 15ರಿಂದ 30 ಸೆಕೆಂಡ್ ಇರಬೇಕು, ಮೂರರವರೆಗೆ ಹಾಕಬಹುದು. ಯೂಟ್ಯೂಬಿನ ಬಂಪರ್ ಜಾಹೀರಾತು 6 ಸೆಕೆಂಡ್ ಮೀರುವಂತಿಲ್ಲ. ಹಾಗಾಗಿ 90 ಸೆಕೆಂಡನ್ನು ಒಂದೇ ಉಸಿರಿನಲ್ಲಿ ರೆಕಾರ್ಡ್ ಮಾಡುವ ಬದಲು 10 ಸೆಕೆಂಡಿನ 9 ತುಂಡುಗಳಾಗಿ ಮಾಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಕಾರಣ ಬರೀ ಈ ಕಟ್ಟಳೆಯಲ್ಲ. ಸಾಫ್ಟ್‌ವೇರ್ ನಿಂತಲ್ಲಿ ನಿಲ್ಲುವ ಸರಕಲ್ಲ. ಮೂರು ತಿಂಗಳಲ್ಲಿ ಒಂದು ಗುಂಡಿ ಎಡದಿಂದ ಬಲಕ್ಕೆ ಹೋದರೆ ವಿಡಿಯೊ ಹಳತಾಯಿತು. ಇಡಿಯಾಗಿ ಮತ್ತೆ ಮಾಡಲು ರೆಕಾರ್ಡಿಂಗ್, ದನಿ, ಎಡಿಟಿಂಗ್ ಸೇರಿ 20 ಗಂಟೆ, 12,000 ರೂಪಾಯಿ. ಒಂದು ತುಂಡನ್ನಷ್ಟೇ ಬದಲಿಸಿದರೆ 3 ಗಂಟೆ, 1,800.

'ಒಂದು ಚಿಕ್ಕ ಕರೆಕ್ಷನ್ ಇದೆ' ಎಂಬ ಮಾತಿಗೂ ಇದೇ ದರ. ಸುತ್ತಿಗೆ 3 ಗಂಟೆಯಂತೆ ಮೇಲಿನ 40 ಗಂಟೆಯಲ್ಲಿ ಸೇರಿರುವುದು ಎರಡೇ ಸುತ್ತು. ಐದು ಸುತ್ತಾದರೆ 5,400 ರೂಪಾಯಿ ಹೆಚ್ಚು. ಮಾಲೀಕರು ಒಮ್ಮೆ, ಅವರ ಪಾಲುದಾರರು ಒಮ್ಮೆ, ಮಾರಾಟದವರು ಇನ್ನೊಮ್ಮೆ ನೋಡಿ ತಲಾ ಒಂದೊಂದು ಬದಲಾವಣೆ ಹೇಳುವ ಬದಲು, ಮೂವರೂ ಕೂತು ಆ 150 ಪದ ಒಪ್ಪಿಕೊಂಡ ಮೇಲೆ ರೆಕಾರ್ಡಿಂಗ್ ಶುರುವಾದರೆ ಈ ಹಣ ಉಳಿಯುತ್ತದೆ.

ಕೊಟೇಶನ್ ಕೇಳುವಾಗ ಒಟ್ಟು ಮೊತ್ತವನ್ನಷ್ಟೇ ನೋಡಬೇಡಿ. ಕರೆಕ್ಷನ್ ಎಷ್ಟು ಸುತ್ತು, ಇನ್ನೊಂದು ಭಾಷೆಗೆ ಎಷ್ಟು, ಬಿಡಿ ತುಂಡುಗಳೂ ಪ್ರಾಜೆಕ್ಟ್ ಫೈಲೂ ನಿಮಗೆ ಸಿಗುತ್ತವೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.