ಬಂಡೆ ಹತ್ತೋ ಜಿಪ್ಸಿ: ಆರ್‌ಸಿ ಕ್ರಾಲರ್ ಕಟ್ಟುವಾಗ ದುಡ್ಡು ಮೊದಲು ಎಲ್ಲಿ ಹಾಕಬೇಕು?

ಹೋದ ಸಂಚಿಕೆಯ ಕೊನೆಯಲ್ಲಿ ಒಂದು ಸದ್ದು ಕೇಳಿಸಿದ್ದೆ, ನೆನಪಿದೆಯಾ? ಮೊದಲು ಸಣ್ಣಗೆ ‘ಗುಯ್ಯ್’ ಅಂತ, ಆಮೇಲೆ ‘ಟಕ್, ಟಕ್, ಧಡಾರ್’. ಅದೇನು ಅಂತ ತುಂಬಾ ಜನ ಕೇಳಿದ್ರಿ. ನಾನು ನಾಲ್ಕು ತಿಂಗಳು ಕೂತು ಕಟ್ಟಿದ ರಿಮೋಟ್ ಜಿಪ್ಸಿ ಬಂಡೆ ಮೇಲಿಂದ ಉರುಳಿ ಬಿದ್ದ ಸದ್ದು ಅದು. ಅದು ಯಾಕೆ ಬಿತ್ತು, ಬೀಳದ ಹಾಗೆ ಹೇಗೆ ಕಟ್ಟಬೇಕು, ಇವತ್ತು ಇಷ್ಟೇ ಮಾತಾಡೋಣ.

ಮೊದಲು, ಕ್ರಾಲರ್ ಅಂದ್ರೇನು? ಆರ್‌ಸಿ ಕಾರು ಅಂದ ತಕ್ಷಣ ನಮಗೆ ನೆನಪಾಗೋದು ಝುಂಯ್ ಅಂತ ಓಡೋ ಗಾಡಿ. ಕ್ರಾಲರ್ ಅದಕ್ಕೆ ಪೂರ್ತಿ ಉಲ್ಟಾ. ಹೆಸರೇ ಹೇಳೋ ಹಾಗೆ ಇದು ತೆವಳುತ್ತೆ. ಬಂಡೆ, ಬೇರು, ಕೆಸರು, ಎಲ್ಲದರ ಮೇಲೂ ಬೀಳದೆ ಹತ್ತೋದೇ ಇದರ ಆಟ. ‘ಸ್ಕೇಲ್ ಕ್ರಾಲರ್’ ಅಂದ್ರೆ ನೋಡೋಕೂ ನಿಜವಾದ ಜೀಪಿನ ಥರ ಇರಬೇಕು. 2009ರಲ್ಲಿ ಅಮೆರಿಕದ ಆಕ್ಸಿಯಲ್ ಕಂಪನಿ ಎಸ್‌ಸಿಎಕ್ಸ್10 ಅನ್ನೋ ಗಾಡಿ ತಂತು, 2017ರಲ್ಲಿ ಟ್ರಾಕ್ಸಸ್‌ನಿಂದ ಟಿಆರ್‌ಎಕ್ಸ್4 ಬಂತು. ಇವತ್ತು ಜನ ಮನೆಯಲ್ಲಿ ಕಟ್ಟೋ ಗಾಡಿಗಳಲ್ಲಿ ಬಹಳಷ್ಟು ಇದೇ ಥರದ ಚಾಸಿ ಮೇಲೆ ನಿಂತಿರುತ್ತವೆ.

ಹೆಚ್ಚಾಗಿ ಕಾಣೋ ಅಳತೆ 1/10. ನಾಲ್ಕು ಮೀಟರ್ ಗಾಡಿ 40 ಸೆಂಟಿಮೀಟರ್ ಆಗುತ್ತೆ. ಆದ್ರೆ ತೂಕದ ಲೆಕ್ಕ ಬೇರೆ. ಉದ್ದ, ಅಗಲ, ಎತ್ತರ ಮೂರೂ ಹತ್ತನೇ ಒಂದು ಭಾಗ ಆದಾಗ ತೂಕ ಸಾವಿರದ ಒಂದು ಭಾಗಕ್ಕೆ ಇಳಿಯುತ್ತೆ. 2,000 ಕಿಲೋ ಗಾಡಿ 2 ಕಿಲೋ! ಹಾಗಾಗಿ ಇಲ್ಲಿ ನೂರು ಗ್ರಾಂ ಕೂಡ ಸಣ್ಣ ವಿಷಯ ಅಲ್ಲ. ಈ ಮಾತು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ನನಗೆ ಬೇಕಿದ್ದಿದ್ದು ಜಿಪ್ಸಿ. 1985ರಿಂದ ನಮ್ಮ ರಸ್ತೆಗಳಲ್ಲಿ ಓಡಾಡಿದ ಗಾಡಿ, ಪೊಲೀಸು, ಮಿಲಿಟರಿ, ಫಾರೆಸ್ಟು ಎಲ್ಲರ ಹತ್ರಾನೂ ಇತ್ತು. ಅದರ ಬಾಡಿ ರೆಡಿಮೇಡ್ ಸಿಗಲಿಲ್ಲ, ನಾನೇ ಮಾಡಬೇಕಾಯ್ತು. ಇಲ್ಲೇ ಮೊದಲ ಲೆಕ್ಕ. ಜಿಪ್ಸಿಯ ವೀಲ್‌ಬೇಸ್, ಅಂದ್ರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರೋ ದೂರ, 2,375 ಮಿಲಿಮೀಟರ್. ನನ್ನ ಚಾಸಿದು 313. ಸರಿಯಾಗಿ 1/10 ಮಾಡಿದ್ರೆ ಬಾಡಿಗೆ 237.5 ಸಾಕು, ಚಕ್ರಗಳು ಬಾಡಿಯಿಂದ ಆಚೆ ಹೋಗಿಬಿಡ್ತವೆ. ಅದಕ್ಕೆ ಉಲ್ಟಾ ಲೆಕ್ಕ ಹಾಕಿದೆ. 2,375 ಭಾಗಿಸು 313, ಅಂದ್ರೆ ಸುಮಾರು 7.6. ಬಾಡಿಯನ್ನ 1/7.6 ಅಳತೆಗೆ ಮಾಡಿದ್ರೆ, ಜಿಪ್ಸಿಯ 1,540 ಮಿಲಿಮೀಟರ್ ಅಗಲ 203 ಆಗುತ್ತೆ. ಟೈರಿನ ಹೊರ ಅಂಚಿಂದ ಅಂಚಿಗೆ ನನ್ನ ಚಾಸಿ 230. ಟೈರು ಸ್ವಲ್ಪ ಹೊರಗೆ ಇಣುಕುತ್ತೆ ಅಷ್ಟೇ, ಚೆನ್ನಾಗೇ ಕೂತ್ಕೊಳ್ತು. ನೀವು ಯಾವ ಗಾಡಿ ಮಾಡಿದ್ರೂ ಬಾಡಿಗೆ ಕೈ ಹಾಕೋ ಮುಂಚೆ ಈ ಭಾಗಾಕಾರ ಮಾಡಿ.

ಈಗ ಒಳಗಿನ ವಿಷಯ. ಮೋಟಾರು ಜೋರಾಗಿರಬೇಕು ಅಂತ ನಾನೂ ಅಂದ್ಕೊಂಡಿದ್ದೆ. ಬೇಡ. ಬ್ರಷ್ಡ್ ಮೋಟಾರಿನ ಮೇಲೆ 35ಟಿ, 55ಟಿ ಅಂತ ಬರೆದಿರುತ್ತೆ. ಟಿ ಅಂದ್ರೆ ಟರ್ನ್, ಒಳಗೆ ತಂತಿ ಸುತ್ತಿರೋ ಲೆಕ್ಕ. ಸುತ್ತು ಜಾಸ್ತಿ ಆದಷ್ಟೂ ವೇಗ ಕಡಿಮೆ, ನಿಧಾನಕ್ಕೆ ಎಳೆಯೋ ಹಿಡಿತ ಜಾಸ್ತಿ. ಮೋಟಾರು ನಿಮಿಷಕ್ಕೆ 10,000 ಸುತ್ತು ತಿರುಗುತ್ತೆ ಅಂದ್ಕೊಳ್ಳಿ. ಗೇರ್‌ಗಳು ಅದನ್ನ 40ನೇ ಒಂದು ಭಾಗಕ್ಕೆ ಇಳಿಸಿದ್ರೆ ಚಕ್ರ 250 ಸುತ್ತು ತಿರುಗುತ್ತೆ. ಟೈರಿನ ವ್ಯಾಸ 110 ಮಿಲಿಮೀಟರ್ ಇದ್ರೆ ಗಾಡಿಯ ವೇಗ ಗಂಟೆಗೆ ಸುಮಾರು 5 ಕಿಲೋಮೀಟರ್. ನಾವು ನಡೆಯೋ ವೇಗ. ಅಷ್ಟು ಸಾಕು, ಯಾಕಂದ್ರೆ ಗಾಡಿ ಹಿಂದೆ ನಾವೂ ನಡೀತಾನೇ ಇರ್ತೀವಿ.

ಇನ್ನೊಂದು, ಡಿಫರೆನ್ಷಿಯಲ್. ಟ್ರ್ಯಾಕ್ಟರ್ ಕೆಸರಲ್ಲಿ ಹೂತಾಗ ನೋಡಿದ್ದೀರಾ? ಒಂದು ಚಕ್ರ ಸುಮ್ನೆ ಗಿರಗಿರ ತಿರುಗುತ್ತೆ, ಇನ್ನೊಂದು ಅಲ್ಲಾಡಲ್ಲ. ಆಗ ಡ್ರೈವರ್ ಕಾಲಲ್ಲಿ ಒಂದು ಪೆಡಲ್ ಒತ್ತುತ್ತಾನೆ, ಎರಡೂ ಚಕ್ರ ಒಟ್ಟಿಗೆ ತಿರುಗಿ ಗಾಡಿ ಮೇಲೆ ಬರುತ್ತೆ. ಅದು ಡಿಫ್ ಲಾಕ್. ಸಾಮಾನ್ಯವಾಗಿ ಕ್ರಾಲರ್‌ನಲ್ಲಿ ಇದು ಯಾವಾಗಲೂ ಲಾಕ್ ಆಗೇ ಇರುತ್ತೆ. ಒಂದು ಚಕ್ರ ಗಾಳಿಯಲ್ಲಿದ್ರೂ ಇನ್ನೊಂದು ಬಂಡೆ ಹಿಡಿದು ಎಳೆಯುತ್ತೆ. ತಿರುವಲ್ಲಿ ಸ್ವಲ್ಪ ಹಠ ಮಾಡುತ್ತೆ, ಅದು ಇದರ ಬೆಲೆ.

ಸರಿ, ನನ್ನ ಗಾಡಿ ಯಾಕೆ ಬಿತ್ತು?

ಅಂದಕ್ಕೋಸ್ಕರ ನಾನು ಟಾಪು ಮತ್ತು ಮೇಲಿನ ಕ್ಯಾರಿಯರ್ ಎರಡನ್ನೂ ಕಬ್ಬಿಣದ ತಗಡಲ್ಲಿ ಮಾಡಿಸಿದ್ದೆ. ವೆಲ್ಡಿಂಗ್, ಪೇಂಟು, ಪುಟಾಣಿ ಜೆರ್ರಿಕ್ಯಾನ್, ಫೋಟೊದಲ್ಲಿ ಸೂಪರ್. ತೆಂಗಿನಕಾಯಿ ಲೋಡ್ ಹೊಡೆಯೋ ನಮ್ಮ ಸೋದರಮಾವ ಅದನ್ನ ಕೈಯಲ್ಲಿ ಎತ್ತಿ ನೋಡಿ, “ಏನೋ ಇದು, ತಲೆ ಮೇಲೆ ಇಷ್ಟು ಭಾರ ಹೊತ್ಕೊಂಡಿದೆ, ಬೀಳದೆ ಇನ್ನೇನ್ ಮಾಡುತ್ತೆ?” ಅಂದ್ರು. ನಾನು ನಕ್ಕೆ. ಮಾರನೇ ಭಾನುವಾರ ಗೆಳೆಯನ ಹೊಲದ ಹಿಂದಿನ ಬಂಡೆ ಮೇಲೆ ಅದು ಬಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಶಾಲೆಯಲ್ಲಿ ಗುರುತ್ವ ಕೇಂದ್ರ ಅಂತ ಓದಿದ್ವಲ್ಲ, ಅದೇ. ಗಾಡಿ 3 ಕಿಲೋ, ಗುರುತ್ವ ಕೇಂದ್ರ ನೆಲದಿಂದ ಸುಮಾರು 140 ಮಿಲಿಮೀಟರ್ ಎತ್ತರ. ಗಾಡಿಯ ಅರ್ಧ ಅಗಲ 115. ಈ ಎರಡು ಸಂಖ್ಯೆ ಸಾಕು. ಪಕ್ಕಕ್ಕೆ 39 ಡಿಗ್ರಿ ವಾಲಿದ್ರೆ ಗಾಡಿ ಮಗುಚುತ್ತೆ.

ತಗಡು ಕಿತ್ತು, ಅದೇ ಆಕಾರವನ್ನ ಸನ್‌ಬೋರ್ಡಲ್ಲಿ ಮಾಡಿದೆ. ಆರ್ಕಿಟೆಕ್ಚರ್ ಹುಡುಗರು ಮಾಡೆಲ್ ಮಾಡ್ತಾರಲ್ಲ, ಆ ಹಗುರ ಬೋರ್ಡು. ನೆಲದಿಂದ 260 ಮಿಲಿಮೀಟರ್ ಎತ್ತರದಲ್ಲಿದ್ದ 400 ಗ್ರಾಂ ಇಳೀತು. ಬದಲಿಗೆ ಚಕ್ರದ ಒಳಗೆ, ಮುಂದಿನ ಆಕ್ಸಲ್ ತುದಿಯಲ್ಲಿ 300 ಗ್ರಾಂ ಹಿತ್ತಾಳೆ ಹಾಕಿದೆ. ಅಲ್ಯೂಮಿನಿಯಂಗಿಂತ ಹಿತ್ತಾಳೆ ಮೂರು ಪಟ್ಟು ಭಾರ, ಹಾಗಾಗಿ ಸಣ್ಣ ಜಾಗದಲ್ಲಿ ಹಿಡಿಯುತ್ತೆ. ಮುಂದೇನೇ ಯಾಕೆ? ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಜಾರುತ್ತೆ, ಮುಂದಿನ ಚಕ್ರ ನೆಲ ಬಿಡಬಾರದು. ಒಟ್ಟು ತೂಕ ಬರೀ 100 ಗ್ರಾಂ ಕಡಿಮೆ ಆಯ್ತು, ಆದ್ರೆ ಗುರುತ್ವ ಕೇಂದ್ರ 140ರಿಂದ 115ಕ್ಕೆ ಇಳೀತು. ಮಗುಚೋ ಕೋನ 39ರಿಂದ 45 ಡಿಗ್ರಿಗೆ ಏರಿತು.

ಇದು ಕಾಗದದ ಲೆಕ್ಕ. ನಿಜವಾಗಿ ಅಳೆಯೋಕೆ ಒಂದು ಹಲಗೆ, ಒಂದು ಫೋನು ಸಾಕು. ಗಾಡಿಯನ್ನ ಹಲಗೆ ಮೇಲೆ ಅಡ್ಡ ನಿಲ್ಲಿಸಿ, ಒಂದು ಬದಿ ನಿಧಾನಕ್ಕೆ ಎತ್ತಿ. ಮೇಲಿನ ಚಕ್ರಗಳು ಏಳೋ ಹೊತ್ತಿಗೆ ಫೋನಿನ ಲೆವೆಲ್ ಆ್ಯಪ್ ನೋಡಿ. ನನಗೆ ಸಿಕ್ಕಿದ್ದು ಮೊದಲು 33, ಆಮೇಲೆ 40. ಒಂದು ಬದಿಯ ಶಾಕ್‌ಗಳು ಕುಸಿಯೋದ್ರಿಂದ ಕಾಗದಕ್ಕಿಂತ ಸ್ವಲ್ಪ ಕಡಿಮೆನೇ ಬರುತ್ತೆ. ಆದ್ರೂ ಏಳು ಡಿಗ್ರಿ ಲಾಭ, ಮೋಟಾರಿಗೆ ಒಂದು ರೂಪಾಯಿ ಹಾಕದೆ.

ಬಿದ್ದಿದ್ದಕ್ಕೆ ಎರಡನೇ ಕಾರಣವೂ ಇತ್ತು. ಸ್ಟೀರಿಂಗ್ ತಿರುಗಿಸೋ ಪುಟ್ಟ ಯಂತ್ರಕ್ಕೆ ಸರ್ವೋ ಅಂತಾರೆ. ನನ್ನದು 25 ಕೆಜಿ ಸರ್ವೋ, ಅಂದ್ರೆ ಒಂದು ಸೆಂಟಿಮೀಟರ್ ಉದ್ದದ ತೋಳಿನ ತುದಿಯಲ್ಲಿ 25 ಕಿಲೋ ತಳ್ಳೋ ಶಕ್ತಿ. ಚಕ್ರ ಎರಡು ಕಲ್ಲಿನ ಮಧ್ಯೆ ಸಿಕ್ಕಿಕೊಂಡಾಗ ಅದು ಸಿಕ್ಕಾಪಟ್ಟೆ ಕರೆಂಟ್ ಎಳೀತು. ಮೋಟಾರು ನಡೆಸೋ ಇಎಸ್‌ಸಿಯಿಂದ ಸರ್ವೋಗೂ ರಿಸೀವರ್‌ಗೂ ಸಿಗ್ತಿದ್ದಿದ್ದು ಬರೀ 2 ಆಂಪಿಯರ್. ವೋಲ್ಟೇಜ್ ಕುಸಿದು ರಿಸೀವರ್ ಒಂದು ಕ್ಷಣ ಆಫ್ ಆಗಿ ಆನ್ ಆಯ್ತು. ಆ ಒಂದು ಕ್ಷಣ ಗಾಡಿ ನನ್ನ ಕೈಯಲ್ಲಿ ಇರಲಿಲ್ಲ. ಪರಿಹಾರ: ಸರ್ವೋಗೆ ಬೇರೆಯೇ 6 ವೋಲ್ಟಿನ ಬಿಇಸಿ. ಸಣ್ಣ ಬೆಂಕಿಪೊಟ್ಟಣದಷ್ಟು ಇರುತ್ತೆ, ಆದ್ರೆ ದೊಡ್ಡ ಸರ್ವೋ ಹಾಕೋರಿಗೆ ಇದು ಬೇಕೇ ಬೇಕು.

ಈಗ ನಗು ಬಿಟ್ಟು ಕೇಳಬೇಕಾದ ವಿಷಯ, ಬ್ಯಾಟರಿ. ಲಿಪೊ ಬ್ಯಾಟರಿಯ ಒಂದೊಂದು ಸೆಲ್ ತುಂಬಿದಾಗ 4.2 ವೋಲ್ಟ್, ಬಳಸದೆ ಇಡುವಾಗ 3.8 ಇರಬೇಕು, ಸುಮಾರು 3.2ಕ್ಕಿಂತ ಕೆಳಗೆ ಇಳಿಯಬಾರದು. ಇಎಸ್‌ಸಿಗಳಲ್ಲಿ ಕೆಲವಕ್ಕೆ ‘ಲಿಪೊ’, ‘ನಿಕಲ್’ ಅಂತ ಒಂದು ಪುಟ್ಟ ಜಂಪರ್ ಇರುತ್ತೆ. ನನ್ನದು ನಿಕಲ್ ಕಡೆ ಇತ್ತು, ನಾನು ನೋಡಿರಲಿಲ್ಲ. ವೋಲ್ಟೇಜ್ ಎಷ್ಟು ಇಳಿದರೂ ಅದು ಕಟ್ ಮಾಡಲೇ ಇಲ್ಲ. ಆ ಬ್ಯಾಟರಿಯನ್ನೇ ಚಾರ್ಜಿಗೆ ಹಾಕಿ ಮಂಚದ ಪಕ್ಕ ಇಟ್ಟು ಮಲಗಿದ್ದೆ. ರಾತ್ರಿ ನೀರು ಕುಡಿಯೋಕೆ ಎದ್ದಾಗ ನೋಡಿದ್ರೆ ಪೂರಿ ಥರ ಉಬ್ಬಿತ್ತು. ಅದೇ ರೂಮಲ್ಲಿ ತಮ್ಮ ಮಲಗಿದ್ದ. ಪ್ಲಗ್ ತೆಗೆದು, ಮರಳಿನ ಬಕೆಟ್‌ನಲ್ಲಿಟ್ಟು ಟೆರೇಸಿಗೆ ತಗೊಂಡು ಹೋದೆ. ಬೆಳಗಿನವರೆಗೂ ನಿದ್ದೆ ಬರಲಿಲ್ಲ.

ಅದಕ್ಕೆ ಹೇಳ್ತಿದ್ದೀನಿ: ಜಂಪರ್ ನೋಡಿ. ಬ್ಯಾಲೆನ್ಸ್ ಚಾರ್ಜರ್ ತಗೊಳ್ಳಿ. ನೀವು ಎಚ್ಚರ ಇದ್ದಾಗ, ಕಣ್ಣೆದುರೇ ಚಾರ್ಜ್ ಮಾಡಿ. ಉಬ್ಬಿದ ಬ್ಯಾಟರಿಯನ್ನ ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಇ-ವೇಸ್ಟ್ ತಗೊಳ್ಳೋರಿಗೆ ಕೊಡಿ.

ಕೊನೆಗೆ, ಬಿಕಾಂ ಓದಿದ್ದಕ್ಕೆ ಖರ್ಚಿನ ಹಾಳೆ ತೆಗೆದು ನೋಡಿದೆ. ಮೊದಲ ಸಲ ನೂರು ರೂಪಾಯಿಯಲ್ಲಿ ನಲವತ್ತು ಬಾಡಿಯ ಅಂದಕ್ಕೆ ಹೋಗಿತ್ತು, ಟೈರಿಗೆ ಹತ್ತೂ ಇಲ್ಲ. ಇವತ್ತು ಶುರು ಮಾಡಿದ್ರೆ ಕ್ರಮ ಹೀಗಿರುತ್ತೆ: ಮೊದಲು ಒಳ್ಳೆ ಚಾರ್ಜರ್ ಮತ್ತು ಬ್ಯಾಟರಿ. ಆಮೇಲೆ ಮೆತ್ತನೆ ರಬ್ಬರಿನ ಟೈರು. ಇದರೊಳಗೆ ಗಾಳಿ ಇರಲ್ಲ, ಸ್ಪಾಂಜ್ ಇರುತ್ತೆ, ಅದಕ್ಕೇ ಕಲ್ಲಿನ ಆಕಾರಕ್ಕೆ ಬಗ್ಗುತ್ತೆ. ಮೂರನೆಯದು ಸರ್ವೋ ಮತ್ತು ಬಿಇಸಿ. ನಾಲ್ಕನೆಯದು ಕೆಳಗಿನ ಹಿತ್ತಾಳೆ. ಮೋಟಾರು ಆಮೇಲೆ. ಅಂದ ಕೊನೆಗೆ, ಅದೂ ಹಗುರವಾಗಿ.

ಇನ್ನೊಂದು ಮಾತು. ನಮ್ಮ ಕಡೆ ಬಂಡೆಗೆ ಬರ ಇಲ್ಲ, ಆದ್ರೆ ಎಲ್ಲಾ ಬಂಡೆಯೂ ಆಟಕ್ಕಲ್ಲ. ರಾಮದೇವರ ಬೆಟ್ಟ ರಣಹದ್ದುಗಳ ಧಾಮ, ಹಂಪಿ ಸ್ಮಾರಕ. ಅಲ್ಲಿ ಬೇಡ. ಯಾರದ್ದಾದ್ರೂ ಹೊಲದಲ್ಲಿದ್ರೆ ಕೇಳಿ ಹೋಗಿ.

ಹೋದ ಭಾನುವಾರ ಅದೇ ಬಂಡೆಗೆ ಮತ್ತೆ ಹೋಗಿದ್ವಿ. ಬಿದ್ದ ಜಾಗಕ್ಕೆ ಬಂದಾಗ ಗಾಡಿ ವಾಲಿತು, ಒಂದು ಚಕ್ರ ಎದ್ದಿತು, ನಿಂತಿತು. ಆಮೇಲೆ ಮೆಲ್ಲಗೆ ಹತ್ತಿಬಿಡ್ತು. ಮಾವ ಏನೂ ಹೇಳಲಿಲ್ಲ, ರಿಮೋಟ್ ಕೊಡು ಅಂತ ಕೈ ಚಾಚಿದ್ರು.

ನೀವು ಏನಾದ್ರೂ ಕಟ್ತಾ ಇದ್ರೆ ಹಲಗೆ ಪರೀಕ್ಷೆ ಮಾಡಿ, ಎಷ್ಟು ಡಿಗ್ರಿ ಬಂತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.