18 ಕಿಲೋಮೀಟರ್ ಉದ್ದದ ಸಿನಿಮಾ

ಈಚೆಗೆ ಬಂದ ಇಂಗ್ಲಿಷ್ ಪಿಕ್ಚರ್‌ಗಳಲ್ಲಿ ಯಾವುದನ್ನು ನೋಡಬಹುದು ಎಂದು ಕೇಳಿದರೆ ಒಬ್ಬರು ಕಥೆ ಹೇಳಲು ಶುರು ಮಾಡುತ್ತಾರೆ, ಇನ್ನೊಬ್ಬರು ಸ್ಟಾರು ಎಣಿಸುತ್ತಾರೆ. ನಾನು ತಕ್ಕಡಿ, ಟೇಪು ಹಿಡಿದು ಕೂರುವ ಜಾತಿ. ಸಿನಿಮಾ ಎಷ್ಟು ಕಿಲೋ ತೂಗುತ್ತದೆ? ಎಷ್ಟು ಕಿಲೋಮೀಟರ್ ಉದ್ದವಿದೆ? ಮಾಡಲು ಎಷ್ಟು ಲಕ್ಷ ವರ್ಷ ಹಿಡಿಯಿತು? ಲಕ್ಷ ವರ್ಷ ಎಂದದ್ದು ಕೈತಪ್ಪಲ್ಲ. ಅದರ ಲೆಕ್ಕವನ್ನು ಕೊನೆಯಲ್ಲಿ ಒಪ್ಪಿಸುತ್ತೇನೆ.

ಒಂದೇ ಷರತ್ತು: ಗಲ್ಲಾಪೆಟ್ಟಿಗೆಯ ಅಂಕಿ ಬೇಡ. 2023ರ 'ಬಾರ್ಬಿ' 144 ಕೋಟಿ ಡಾಲರ್ ಬಾಚಿತು. ಬಾಚಲಿ, ಅದರಲ್ಲಿ ಒಂದು ಡಾಲರೂ ತೆರೆಯ ಮೇಲೆ ಕಾಣುವುದಿಲ್ಲ. ಯಾವ ಚಿತ್ರದ ಅಂಕಿ ಕಣ್ಣಿಗೆ ಬೀಳುತ್ತದೋ ಅದಕ್ಕೆ ನನ್ನ ಟಿಕೆಟ್.

ಸಣ್ಣದರಿಂದಲೇ ಹೊರಡೋಣ. ಬ್ರೇಡಿ ಕಾರ್ಬೆಟ್ ನಿರ್ದೇಶನದ 'ದ ಬ್ರೂಟಲಿಸ್ಟ್' (2024) ಓಡುವುದು 215 ನಿಮಿಷ, ಅಂದರೆ ಮೂರೂವರೆ ಗಂಟೆಯ ಮೇಲೆ ಇನ್ನೈದು ನಿಮಿಷ. ಅದರಲ್ಲಿ 15 ನಿಮಿಷ ಇಂಟರ್ವಲ್. ಅಮೆರಿಕದವರು ಈ ಇಂಟರ್ವಲ್ಲನ್ನು ಧೂಮಕೇತು ಕಂಡವರಂತೆ ನೋಡಿದರು. ಎರಡು ಗಂಟೆಯ ಚಿತ್ರಕ್ಕೂ ನಡುವೆ ಎದ್ದು ಪಾಪ್‌ಕಾರ್ನ್ ಸಾಲಿನಲ್ಲಿ ನಿಲ್ಲುವ ನಮಗೆ ಅದೊಂದು ಸುದ್ದಿಯೇ ಅಲ್ಲ. ಸುದ್ದಿ ಇರುವುದು ತೂಕದಲ್ಲಿ. ವೆನಿಸ್ ಚಿತ್ರೋತ್ಸವಕ್ಕೆ ಬಂದ ಇದರ 70 ಎಂ.ಎಂ. ಪ್ರಿಂಟ್ 26 ರೀಲು, ಸುಮಾರು 136 ಕಿಲೋ. ಕಾಂಕ್ರೀಟ್ ಕಟ್ಟಡ ಎಬ್ಬಿಸುವ ವಾಸ್ತುಶಿಲ್ಪಿಯ ಕಥೆಗೆ ತಕ್ಕ ತೂಕವೇ ಅನ್ನಿ: ಮೂರು ಮೂಟೆ ಸಿಮೆಂಟಿಗೆ ತುಸು ಕಡಿಮೆ! ನಾಯಕ ಏಡ್ರಿಯನ್ ಬ್ರೋಡಿಗೆ ಈ ಉದ್ದದ ಚಟ ಚಿತ್ರ ಮುಗಿದ ಮೇಲೂ ಬಿಡಲಿಲ್ಲ. 2025ರಲ್ಲಿ ಆಸ್ಕರ್ ಕೈಗೆ ಬಂದಾಗ 5 ನಿಮಿಷ 40 ಸೆಕೆಂಡು ಮಾತಾಡಿ, ಆ ವೇದಿಕೆಯ ಅತಿ ದೀರ್ಘ ಕೃತಜ್ಞತಾ ಭಾಷಣವೆಂದು ಗಿನ್ನೆಸ್ ಪುಸ್ತಕ ಸೇರಿದರು. ಚಿತ್ರವನ್ನು ಖಂಡಿತ ನೋಡಿ. ಭಾಷಣವನ್ನು ಬಿಟ್ಟರೂ ನಷ್ಟವಿಲ್ಲ.

136 ಕಿಲೋ ಭಾರ ಎನಿಸಿತೇ? ಕ್ರಿಸ್ಟೋಫರ್ ನೋಲನ್ ಅವರ 'ಓಪನ್‌ಹೈಮರ್' (2023) ಐಮ್ಯಾಕ್ಸ್ ಪ್ರಿಂಟ್ ಅದರ ಎರಡರಷ್ಟು, ಸುಮಾರು 272 ಕಿಲೋ. ಆಗಷ್ಟೇ ಹುಟ್ಟಿದ ಆನೆಮರಿ ನೂರು ಕಿಲೋದ ಆಸುಪಾಸು ಇರುತ್ತದೆ. ಅಂಥ ಎರಡು ಮರಿಗಳನ್ನು ತಕ್ಕಡಿಗೆ ಏರಿಸಿ, ಮೂರನೆಯದನ್ನು ಮುಕ್ಕಾಲು ಪಾಲು ಹತ್ತಿಸಿದರೆ ಒಂದು ಓಪನ್‌ಹೈಮರ್. ಆ ಫಿಲ್ಮಿನ ಸುರುಳಿ ಬಿಚ್ಚಿದರೆ 11 ಮೈಲಿ, ಹತ್ತಿರಹತ್ತಿರ 18 ಕಿಲೋಮೀಟರ್. ಮೂರು ಗಂಟೆಯಲ್ಲಿ ಅಷ್ಟೂ ಓಡಬೇಕಾದ್ದರಿಂದ ಪ್ರೊಜೆಕ್ಟರಿನೊಳಗೆ ಫಿಲ್ಮು ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಅದು ಬೆಳಗಿನ ವಾಕಿಂಗಿಗೆ ಹೊರಟ ಚುರುಕು ಮನುಷ್ಯನ ನಡಿಗೆ. ಫಿಲ್ಮಿನ ತುದಿ ಹಿಡಿದು ಅದೇ ವೇಗದಲ್ಲಿ ಮೈಸೂರಿನಿಂದ ಹೊರಟರೆ ಎರಡೂವರೆ ಗಂಟೆಗೆ ಶ್ರೀರಂಗಪಟ್ಟಣ ಬರುತ್ತದೆ. ಕಾಲು ಸೋತಿರುತ್ತದೆ, ಸಿನಿಮಾ ಇನ್ನೂ ಅರ್ಧ ಗಂಟೆ ಬಾಕಿ ಇರುತ್ತದೆ!

ಈ 18 ಕಿಲೋಮೀಟರಿನಲ್ಲಿ 2,59,200 ಚೌಕಟ್ಟುಗಳು, ಸೆಕೆಂಡಿಗೆ 24ರಂತೆ. ಅದನ್ನು ಆ ರೂಪದಲ್ಲಿ ತೋರಿಸಬಲ್ಲ ಥಿಯೇಟರುಗಳು, ಬಿಡುಗಡೆಯ ಹೊತ್ತಿಗೆ, ಇಡೀ ಭೂಮಿಯಲ್ಲಿ ಬರೀ 30. ಅಮೆರಿಕದಲ್ಲಿ 19, ಕೆನಡಾದಲ್ಲಿ 6, ಬ್ರಿಟನ್ನಿನಲ್ಲಿ 3, ಪ್ರಾಗ್‌ನಲ್ಲಿ ಒಂದು, ಮೆಲ್ಬರ್ನಿನಲ್ಲಿ ಒಂದು. ಭಾರತದ ಪಾಲು ಸೊನ್ನೆ. ನಾವೆಲ್ಲ ನೋಡಿದ್ದು ಡಿಜಿಟಲ್ ಓಪನ್‌ಹೈಮರ್, ಅಂದರೆ ಒಂದು ಗ್ರಾಮೂ ತೂಗದ್ದು. ಮೆಲ್ಬರ್ನಿನ ತೆರೆ 32 ಮೀಟರ್ ಅಗಲ, 23 ಮೀಟರ್ ಎತ್ತರ. ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನನ್ನು ಅದರ ಮುಂದೆ ನಿಲ್ಲಿಸಿದರೆ ತಲೆಯ ಮೇಲೆ ಇನ್ನೂ 18 ಅಡಿ ಖಾಲಿ. ಆ ತೆರೆಯ ತುಂಬ ನೋಲನ್ ತುಂಬಿದ್ದು ಏನನ್ನು? ಅಣುಬಾಂಬಿನ ಸ್ಫೋಟವನ್ನೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ನಾಯಕ ಕಿಲಿಯನ್ ಮರ್ಫಿಯ ಮುಖವನ್ನು. ಆರೇಳು ಮಹಡಿ ಎತ್ತರದ ಮುಖದಲ್ಲಿ ಅಳುಕು ಇಣುಕುವುದನ್ನು ನೋಡಲು 18 ಕಿಲೋಮೀಟರ್ ಫಿಲ್ಮು ಸುಟ್ಟದ್ದು ಸಾರ್ಥಕ.

ನೋಲನ್ ಮಹಾಶಯರಿಗೆ ಅದೂ ಸಾಲಲಿಲ್ಲ. ಮುಂದಿನ ಚಿತ್ರ 'ದ ಒಡಿಸ್ಸಿ'ಯನ್ನು ಮೊದಲಿನಿಂದ ಕೊನೆವರೆಗೆ ಐಮ್ಯಾಕ್ಸ್ ಫಿಲ್ಮ್ ಕ್ಯಾಮೆರಾದಲ್ಲೇ ತೆಗೆದರು. 91 ದಿನಗಳ ಚಿತ್ರೀಕರಣದಲ್ಲಿ ಉರುಳಿದ ಫಿಲ್ಮು 20 ಲಕ್ಷ ಅಡಿಗೂ ಹೆಚ್ಚು. ಅದು 610 ಕಿಲೋಮೀಟರ್. ಬೆಂಗಳೂರಿನಿಂದ ಬೆಳಗಾವಿವರೆಗೆ ಹೆದ್ದಾರಿಯುದ್ದಕ್ಕೂ ಹಾಸಿದರೂ ಸುಮಾರು ನೂರು ಕಿಲೋಮೀಟರ್ ಕೈಯಲ್ಲಿ ಉಳಿಯುತ್ತದೆ! ಬಿಡುಗಡೆ 2026ರ ಜುಲೈ 17ಕ್ಕೆಂದು ಸಾರಿ, ಆಯ್ದ ಥಿಯೇಟರುಗಳ ಟಿಕೆಟನ್ನು 2025ರ ಜುಲೈ 17ಕ್ಕೇ ಮಾರಲು ಕೂತರು. 365 ದಿನ ಮುಂಚೆ! ನಮ್ಮಲ್ಲಿ ಮದುವೆ ಛತ್ರವನ್ನು ಹಾಗೆ ಹಿಡಿದಿಡುವುದುಂಟು, ಸಿನಿಮಾ ಸೀಟನ್ನಲ್ಲ.

ಉದ್ದ ಸಾಕು, ಗಂಟೆಗಳಿಗೆ ಬರೋಣ. 'ಟಾಪ್ ಗನ್: ಮ್ಯಾವರಿಕ್' (2022) ಚಿತ್ರಕ್ಕಾಗಿ ತೆಗೆದ ದೃಶ್ಯಗಳು 800 ಗಂಟೆ. ಊಟ, ನಿದ್ದೆ ಬಿಟ್ಟು ನೋಡುತ್ತ ಕೂತರೆ 33 ದಿನ ಬೇಕು. ತೆರೆಗೆ ಬಂದದ್ದು ಎರಡು ಗಂಟೆ ಹತ್ತು ನಿಮಿಷದ ಚಿತ್ರ. ಅಂದರೆ ಒಂದು ನಿಮಿಷ ಉಳಿಸಿಕೊಳ್ಳಲು 365 ನಿಮಿಷಕ್ಕೂ ಹೆಚ್ಚು ಎಸೆದರು. ವರ್ಷವಿಡೀ ಬರೆದ ದಿನಚರಿಯಲ್ಲಿ ಒಂದೇ ಹಾಳೆ ಇಟ್ಟುಕೊಂಡು ಮಿಕ್ಕದ್ದನ್ನು ರದ್ದಿಗೆ ಹಾಕಿದ ಹಾಗೆ. ಕಥೆ ಏನೂ ಹೊಸದಲ್ಲ, ಯಾರು ಗೆಲ್ಲುತ್ತಾರೆಂದು ಹತ್ತನೇ ನಿಮಿಷಕ್ಕೇ ಗೊತ್ತಾಗುತ್ತದೆ. ಆದರೂ ವಿಮಾನ ಮೇಲೇರುವಾಗ ನಟರ ಕೆನ್ನೆ ಹಿಂದಕ್ಕೆ ಜಗ್ಗುತ್ತದಲ್ಲ, ಅದು ನಟನೆಯಲ್ಲ, ಭೂಮಿಯ ಸೆಳೆತದ ಹಲವು ಪಟ್ಟು ಎಳೆತ. 800 ಗಂಟೆ ಅಲ್ಲಿ ಕಾಣುತ್ತದೆ.

ಅದರ ನಾಯಕ ಟಾಮ್ ಕ್ರೂಸ್ ಮುಂದಿನ ವರ್ಷ ಬಂದ 'ಮಿಷನ್: ಇಂಪಾಸಿಬಲ್ – ಡೆಡ್ ರೆಕನಿಂಗ್'ನಲ್ಲಿ ನಾರ್ವೆಯ ಬೆಟ್ಟದ ಅಂಚಿನಿಂದ ಮೋಟರ್‌ಬೈಕ್ ಸಮೇತ ಹಾರಿದರು. ಎತ್ತರ ಸುಮಾರು 4,000 ಅಡಿ. ಜೋಗ ಜಲಪಾತವನ್ನು ನಾಲ್ಕು ಸಲ ಒಂದರ ಮೇಲೊಂದು ನಿಲ್ಲಿಸಿದರೂ ಆ ಅಂಚು ಮುಟ್ಟುವುದಿಲ್ಲ, ಇನ್ನೂ 680 ಅಡಿ ಬೇಕು. ಆ ಒಂದು ನೆಗೆತಕ್ಕೆ ತಾಲೀಮು ಎಷ್ಟು? ವಿಮಾನದಿಂದ 500ಕ್ಕೂ ಹೆಚ್ಚು ಧುಮುಕು, ಬೈಕಿನ ಮೇಲೆ 13,000 ನೆಗೆತ. ಐದು ನಿಮಿಷಕ್ಕೊಂದರಂತೆ ದಿನಕ್ಕೆ ಎಂಟು ಗಂಟೆ ನೆಗೆದರೆ ನಾಲ್ಕೂವರೆ ತಿಂಗಳು ನೆಗೆಯುತ್ತಲೇ ಇರಬೇಕು. ಆಗ ಅವರಿಗೆ 58, ನಮ್ಮಲ್ಲಿ ಪಿಂಚಣಿ ಕಾಗದ ಜೋಡಿಸಿಕೊಳ್ಳುವ ವಯಸ್ಸು. 2025ರ ಮುಂದಿನ ಭಾಗಕ್ಕಾಗಿ ಉರಿಯುವ ಪ್ಯಾರಾಶೂಟ್ ಕಟ್ಟಿಕೊಂಡು 16 ಸಲ ಹಾರಿ ಗಿನ್ನೆಸ್ ದಾಖಲೆ ಮಾಡಿದರು. ಒಂದು ಸಲ ಹಾರಿದ್ದರೂ ನಾವು ನಂಬುತ್ತಿದ್ದೆವು.

ಗಂಟೆಗಳಿಂದ ಕೈಗಳಿಗೆ. 2017ರ 'ಲವಿಂಗ್ ವಿನ್ಸೆಂಟ್' ತುಸು ಹಳೆಯದಾಯಿತು, ಆದರೂ ಪಟ್ಟಿಯಿಂದ ಬಿಡಲಾರೆ. ಚಿತ್ರಕಾರ ವಾನ್ ಗೋ ಸಾವಿನ ಕುರಿತ ಈ ಚಿತ್ರದ ಪ್ರತಿಯೊಂದು ಚೌಕಟ್ಟೂ ಕೈಯಲ್ಲಿ ಬರೆದ ತೈಲವರ್ಣಚಿತ್ರ. ಒಟ್ಟು 65,000. ಕುಂಚ ಹಿಡಿದವರು 125 ಮಂದಿ. ತಲೆಗೆ 520 ಚಿತ್ರ ಬಿತ್ತು. ತೆರೆಯ ಮೇಲೆ ಸೆಕೆಂಡಿಗೆ 12 ಚಿತ್ರ ಸರಿದುಹೋಗುತ್ತವೆ. ವಾನ್ ಗೋ ತನ್ನ ಜೀವಮಾನದಲ್ಲಿ ಬರೆದ ತೈಲಚಿತ್ರಗಳು ಸುಮಾರು 860. ಆತನ ಹಸಿವು, ಸಾಲ, ಹುಚ್ಚು, ಸೂರ್ಯಕಾಂತಿ, ನಕ್ಷತ್ರದ ಇರುಳು ಎಲ್ಲ ಸೇರಿದ ಆ 860ನ್ನೂ ಈ ವೇಗದಲ್ಲಿ ಓಡಿಸಿದರೆ 72 ಸೆಕೆಂಡಿನಲ್ಲಿ ಮುಗಿಯುತ್ತವೆ. ಚಿತ್ರಕ್ಕೆ ಒಂದೂವರೆ ಗಂಟೆ ಬೇಕಿತ್ತು! ವಾನ್ ಗೋ ಒಬ್ಬನೇ ಆಗಿದ್ದರೆ ಎಪ್ಪತ್ತೈದು ಜನ್ಮ ಎತ್ತಬೇಕಿತ್ತು. ಕಥೆ ಪತ್ತೇದಾರಿಯ ಧಾಟಿಯಲ್ಲಿ ಹೋಗಿ ನಡುವೆ ಜೋಲು ಬೀಳುತ್ತದೆ, ಒಪ್ಪುತ್ತೇನೆ. ಜೋಲು ಬಿದ್ದಾಗ ಮಾತು ಕೇಳುವುದನ್ನು ಬಿಟ್ಟು ಆಕಾಶ ನೋಡಿ, ಅಲ್ಲಿ ಬಣ್ಣ ಕದಲುತ್ತಿರುತ್ತದೆ.

ಇಷ್ಟು ಹೊತ್ತು ದೊಡ್ಡದರ ಗುಂಗಿನಲ್ಲಿದ್ದವರಿಗೆ ಅಂಗೈಯಗಲದ ಎರಡು ಅಚ್ಚರಿ. ದುಡ್ಡಿನ ಮಾತು ಬೇಡವೆಂದಿದ್ದೆ, ಇಲ್ಲಿ ತಡೆಯಲಾಗುತ್ತಿಲ್ಲ. ಲಾಟ್ವಿಯಾ ದೇಶದ ಜನಸಂಖ್ಯೆ 19 ಲಕ್ಷವೂ ಇಲ್ಲ. ನಮ್ಮ ಮೈಸೂರು ಜಿಲ್ಲೆಯೊಂದರಲ್ಲೇ 2011ರ ಜನಗಣತಿಯಲ್ಲಿ 30 ಲಕ್ಷ ಮಂದಿ ಇದ್ದರು. ಆ ಪುಟ್ಟ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ 'ಫ್ಲೋ' (2024) ಮಾಡಿದರು. ಪ್ರವಾಹ, ಒಂದು ಬೆಕ್ಕು, ಒಂದು ದೋಣಿ. ಮಾತು ಸೊನ್ನೆ. ಖರ್ಚು ಸುಮಾರು 35 ಲಕ್ಷ ಯೂರೊ. ಆಸ್ಕರ್ ಸ್ಪರ್ಧೆಯಲ್ಲಿ ಅದರ ಎದುರಿಗಿದ್ದ 'ಇನ್‌ಸೈಡ್ ಔಟ್ 2' ಚಿತ್ರದ ಖರ್ಚು 20 ಕೋಟಿ ಡಾಲರ್. ಆ ದುಡ್ಡಿನಲ್ಲಿ ಐವತ್ತು ಬೆಕ್ಕುಗಳನ್ನು ಐವತ್ತು ದೋಣಿಗಳಲ್ಲಿ ತೇಲಿಸಬಹುದಿತ್ತು. ಪ್ರಶಸ್ತಿ ಬೆಕ್ಕಿಗೇ ಹೋಯಿತು, ಲಾಟ್ವಿಯಾಕ್ಕೆ ಅದೇ ಮೊದಲ ಆಸ್ಕರ್. ಇನ್ನೊಂದು 2022ರ 'ಎವ್ರಿಥಿಂಗ್ ಎವ್ರಿವೇರ್ ಆಲ್ ಅಟ್ ಒನ್ಸ್'. ಲೋಕಲೋಕಾಂತರಗಳನ್ನೆಲ್ಲ ಕಲಸಿ ಎರಚುವ ಅದರ ದೃಶ್ಯ ಚಮತ್ಕಾರಗಳ ಬಹುಪಾಲನ್ನು ಮಾಡಿದ್ದು ಐದೇ ಜನರ ತಂಡ. ಗೆದ್ದ ಆಸ್ಕರ್ ಏಳು. ತಂಡದ ತಲೆಗಳಿಗಿಂತ ಚಿತ್ರದ ಬೊಂಬೆಗಳೇ ಎರಡು ಹೆಚ್ಚು.

ಈಗ ಉಸಿರು ಬಿಗಿಹಿಡಿಯಿರಿ, ಏಕೆಂದರೆ ಕೇಟ್ ವಿನ್ಸ್‌ಲೆಟ್ ಹಾಗೇ ಮಾಡಿದ್ದು. ಜೇಮ್ಸ್ ಕ್ಯಾಮೆರಾನ್ ಅವರ 'ಅವತಾರ್: ದ ವೇ ಆಫ್ ವಾಟರ್' (2022) ತಯಾರಿಯಲ್ಲಿ ಆಕೆ ನೀರಿನಡಿ ಏಳು ನಿಮಿಷಕ್ಕೂ ಹೆಚ್ಚು ಉಸಿರು ಕಟ್ಟಿ ಕೂತರು. ಹಳೆಯ ಮಿಷನ್ ಒಂದಕ್ಕಾಗಿ ಟಾಮ್ ಕ್ರೂಸ್ ಕಟ್ಟಿದ್ದು ಆರು ನಿಮಿಷ. ನೆಗೆಯುವುದರಲ್ಲಿ ಅವರು ಗೆದ್ದಿರಬಹುದು, ಮುಳುಗುವುದರಲ್ಲಿ ಈಕೆ. ಚಿತ್ರೀಕರಣಕ್ಕೆ ಕಟ್ಟಿದ ತೊಟ್ಟಿ ಹಿಡಿದದ್ದು 9 ಲಕ್ಷ ಗ್ಯಾಲನ್, ಹೆಚ್ಚುಕಡಿಮೆ 34 ಲಕ್ಷ ಲೀಟರ್ ನೀರು. ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನು ಮಾಡಿ ಕಾಯುವ ಬೆಂಗಳೂರಿಗರಿಗೆ ಇದು ಬೇಗ ಅರ್ಥವಾದೀತು: 12,000 ಲೀಟರಿನ ಟ್ಯಾಂಕರ್ 283 ಸಲ ಬಂದು ಸುರಿಯಬೇಕು.

ಆ ನೀರೆಲ್ಲ ಬರೀ ಶುರು. ತೆರೆಯ ಮೇಲೆ ಕಾಣುವ ಕಡಲು ಗಣಕದ್ದು, ಅದರ ದತ್ತಾಂಶ 18.5 ಪೆಟಾಬೈಟ್. 2009ರ ಮೊದಲ 'ಅವತಾರ್' ಸುಮಾರು ಒಂದು ಪೆಟಾಬೈಟಿನಲ್ಲಿ ಮುಗಿದಿತ್ತು. ಈ ಕಡಲನ್ನು ಡಿವಿಡಿಗಳಿಗೆ ತುಂಬಿದರೆ 39 ಲಕ್ಷ ತಟ್ಟೆ. ಒಂದರ ಮೇಲೊಂದು ಪೇರಿಸಿದರೆ 4,700 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂಥ ಎರಡು ಗಿರಿಗಳನ್ನು ಒಂದರ ತಲೆಯ ಮೇಲೊಂದು ಇಟ್ಟು, ಮೇಲಿನದರ ತುದಿಯಲ್ಲಿ ನಿಂತು ಕತ್ತೆತ್ತಿ ನೋಡಿದರೂ ಡಿವಿಡಿ ಗೋಪುರ ಇನ್ನೂ 800 ಮೀಟರಿಗೂ ಹೆಚ್ಚು ಮೇಲೆ ಹೋಗಿರುತ್ತದೆ.

ಇನ್ನು ಮೊದಲೇ ಹೇಳಿದ ವರ್ಷಗಳ ಲೆಕ್ಕ. ಗಣಕದ ಒಂದು ಎಳೆ ಒಂದು ಗಂಟೆ ದುಡಿದರೆ ಒಂದು ಥ್ರೆಡ್-ಗಂಟೆ ಅನ್ನುತ್ತಾರೆ. ಈ ಚಿತ್ರಕ್ಕೆ ಬೇಕಾದದ್ದು 330 ಕೋಟಿ ಥ್ರೆಡ್-ಗಂಟೆ. ಅಷ್ಟನ್ನೂ ಒಂದೇ ಎಳೆಗೆ ಒಪ್ಪಿಸಿದ್ದರೆ? 3,76,000 ವರ್ಷ! ನಮ್ಮ ಜಾತಿಯ ಮನುಷ್ಯರ ಅತಿ ಹಳೆಯ ಪಳೆಯುಳಿಕೆ ಮೊರಾಕ್ಕೊದಲ್ಲಿ ಸಿಕ್ಕಿದ್ದು, ಸುಮಾರು ಮೂರು ಲಕ್ಷ ವರ್ಷದ್ದು. ನೋಡಲು ಮನುಷ್ಯರೆಂಬವರು ಹುಟ್ಟುವ ಮೊದಲೇ ಈ ಚಿತ್ರದ ಕೆಲಸ ಶುರುವಾಗಿರಬೇಕಿತ್ತು.

ಚಿತ್ರ 192 ನಿಮಿಷ, ಅಂದರೆ 11,520 ಸೆಕೆಂಡು. ಪಾಲು ಮಾಡಿದರೆ ಒಂದೊಂದು ಸೆಕೆಂಡಿಗೂ ಸುಮಾರು 33 ವರ್ಷದ ದುಡಿಮೆ. ನೀವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ವರ್ಷದ ಕೆಲಸ ಕಣ್ಣೆದುರಿನಿಂದ ದಾಟಿಹೋಗಿರುತ್ತದೆ. ಕಥೆಯನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು ವಿಳಾಸಕ್ಕೂ ಜಾಗ ಉಳಿಸಬಹುದು, ಆ ಮಾತು ಬೇರೆ. ಮೊಬೈಲಿನಲ್ಲಿ ಮಾತ್ರ ನೋಡಬೇಡಿ. ಮೂರು ಆಯಾಮದ ಕನ್ನಡಕ ಹಾಕಿಕೊಂಡು, ಊರಿನ ಅತಿ ದೊಡ್ಡ ತೆರೆ ಹುಡುಕಿಕೊಂಡು ಹೋಗಿ.

ಇದರ ಮುಂದಿನ ಭಾಗ 'ಅವತಾರ್: ಫೈರ್ ಆಂಡ್ ಆ್ಯಶ್' 2025ರ ಡಿಸೆಂಬರಿನಲ್ಲಿ ಬಂತು. ಉದ್ದ 197 ನಿಮಿಷ, ಹಿಂದಿನದಕ್ಕಿಂತ ಐದೇ ನಿಮಿಷ ಹೆಚ್ಚು. ಹಳೆಯ ದರವನ್ನೇ ಹಿಡಿದು ಗುಣಿಸಿದರೆ ಆ ಐದು ನಿಮಿಷದ ಬಾಬತ್ತು 9,800 ವರ್ಷ.