‘ಔಷಧಿ’ ಎಂದು ಬರೆದರೆ ಸಾಲದು

ನಮ್ಮ ಮಲೆನಾಡಿನ ಮಾತಿನಲ್ಲಿ ಜ್ವರಕ್ಕೆ ನುಂಗುವುದೂ ಔಷಧಿ, ಅಡಿಕೆಗೊನೆಗೆ ಹೊಡೆಯುವುದೂ ಔಷಧಿ. ‘ಔಷಧಿ ಕುಡಿದ’ ಎಂದರೆ ಮಾತ್ರ ಊರಿಗೆ ಊರೇ ಓಡಿ ಬರುತ್ತದೆ. ತೋಟದಲ್ಲಿ ಈ ಗೊಂದಲದಿಂದ ತೊಂದರೆಯಿಲ್ಲ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಇದರಿಂದ ಎಂಥ ಅನಾಹುತವಾಗಬಹುದು ಎಂಬುದನ್ನು ಕೆಲವು ವರ್ಷಗಳ ಹಿಂದೆ ನಾನು ನನ್ನ ತೋಟದ ಪ್ರಸಂಗದಿಂದಲೇ ಕಲಿತೆ. ಬೆಳೆಗಾರ ಬಾಂಧವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಅದು ನವೆಂಬರ್ ತಿಂಗಳು. ಬಿಳಿ ಕಾಂಡಕೊರಕದ ಹತೋಟಿಗೆ ಕಾಫಿಗಿಡದ ಕಾಂಡಗಳಿಗೆ ಕೀಟನಾಶಕ ಹೊಡೆಸುತ್ತಿದ್ದೆ. ಪಂಪು ಸೋರಿ ಕೆಲಸಗಾರನ ಬೆನ್ನೆಲ್ಲ ನೆನೆದಿತ್ತು. ಅವನು ಹೇಳಲಿಲ್ಲ, ನಾನು ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಿಪರೀತ ಬೆವರು, ಜೊಲ್ಲು, ವಾಂತಿ ಶುರುವಾಯಿತು. ನಾನು ಸಂಘದ ಕಚೇರಿಯಲ್ಲಿದ್ದೆ. ಅವನ ಅಣ್ಣನ ಮಗ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದ.

ಚೀಟಿ ಬರೆಯುವವರು ಏನಾಯಿತೆಂದು ಕೇಳಿದಾಗ ಹುಡುಗ ಗಾಬರಿಯಲ್ಲಿ, ‘ಔಷಧಿ ಒಳಗೆ ಹೋಗಿದೆ’ ಎಂದ. ಅವರು ‘ವಿಷ ಸೇವನೆ’ ಎಂದು ಬರೆದುಕೊಂಡರು. ಯಾವ ಔಷಧಿ ಎಂದು ವೈದ್ಯರು ಕೇಳಿದ್ದಕ್ಕೆ, ‘ಮೈಲುತುತ್ತ ಇರಬೇಕು’ ಎಂದ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅವನು ಕಲಸಿ ಕೊಟ್ಟಿದ್ದು ಅದನ್ನೇ.

ವೈದ್ಯರು ರೋಗಿಯ ಕಣ್ಣು ನೋಡಿದರು. ಪಾಪೆ ಸೂಜಿಮೊನೆಯಷ್ಟಾಗಿತ್ತು. ಮೈಲುತುತ್ತದಿಂದ ಹಾಗಾಗುವುದಿಲ್ಲ. ಕೂಡಲೇ ನನಗೆ ಫೋನು ಮಾಡಿ ಹೆಸರು ಕೇಳಿದರು. ನಾನು ಅದನ್ನು ಚೀಟಿಯಿಲ್ಲದ ಹಳೆಯ ಬಾಟಲಿಗೆ ಸುರಿದು ಕೊಟ್ಟಿದ್ದೆ. ಡಬ್ಬಿ ಎಲ್ಲಿ ಹೋಯಿತೋ ತಿಳಿಯದು. ಸಂಘದ ಬಿಲ್ ಪುಸ್ತಕ ತೆರೆದೆ. ನನ್ನ ಹೆಸರಿನ ಮುಂದೆ ‘ಔಷಧಿ, 1 ಲೀಟರ್’ ಎಂದಷ್ಟೇ ಇತ್ತು. ಕೆಳಗೆ ಕಾರ್ಯದರ್ಶಿಯ ಸಹಿ ನನ್ನದೇ!

ವೈದ್ಯರು ಚೀಟಿಯನ್ನು ಬಿಟ್ಟು ಲಕ್ಷಣವನ್ನು ನಂಬಿ ಅಟ್ರೋಪಿನ್ ಕೊಟ್ಟರು. ಜೀವ ಉಳಿಯಿತು.

ಹೆಸರು ಏಕೆ ಬೇಕು?

ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕಗಳು ಚರ್ಮದ ಮೂಲಕವೂ ರಕ್ತಕ್ಕೆ ಸೇರಿ ನರಗಳನ್ನು ಕೆಡಿಸುತ್ತವೆ. ಅದಕ್ಕೆ ಅಟ್ರೋಪಿನ್ ಪ್ರತಿವಿಷ. ಮೈಲುತುತ್ತ ಹೊಟ್ಟೆಗೆ ಹೋದರೆ ಕರುಳನ್ನು ಸುಡುತ್ತದೆ, ಯಕೃತ್ತು ಮತ್ತು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಅದಕ್ಕೆ ಅಟ್ರೋಪಿನ್ ಪ್ರತಿವಿಷವಲ್ಲ. ಪ್ಯಾರಾಕ್ವಾಟ್ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಆ ರೋಗಿಗೆ ಅಗತ್ಯ ಮೀರಿ ಆಮ್ಲಜನಕ ಕೊಟ್ಟರೂ ಶ್ವಾಸಕೋಶಕ್ಕೆ ಕೇಡು. ನಮ್ಮ ಬಾಯಲ್ಲಿ ಇವು ಮೂರೂ ‘ಔಷಧಿ’ಯೇ.

ಬರೆದದ್ದು ಬೆನ್ನು ಬಿಡದು

ಮನುಷ್ಯ ಐದು ದಿನಕ್ಕೆ ಮನೆಗೆ ಬಂದ. ಆದರೆ ಬಿಡುಗಡೆ ಚೀಟಿಯಲ್ಲೂ ‘ವಿಷ ಸೇವನೆ’ ಉಳಿದಿತ್ತು. ಪೊಲೀಸರು ಬಂದು, ಮನೆಯಲ್ಲಿ ಜಗಳವಿತ್ತೇ ಎಂದು ಅವನ ಹೆಂಡತಿಯನ್ನು ಕೇಳಿದರು. ಆಕೆ ಆಮೇಲೆ ಬಹಳ ದಿನ ಸಂತೆಗೆ ಹೋಗಲಿಲ್ಲ. ಪರಿಹಾರದ ಅರ್ಜಿ, ಇದು ಕೆಲಸದ ಅವಘಡವಲ್ಲ ಎಂದು ಹಿಂದಿರುಗಿತು. ತಿದ್ದುಪಡಿಗೆ ನಾಲ್ಕು ತಿಂಗಳು ಅಲೆದೆವು. ಕೊನೆಗೆ ವೈದ್ಯರು ಹಳೆಯ ನಮೂದನ್ನು ಅಳಿಸದೆ, ಕೆಳಗೆ ನಿಜಸಂಗತಿ ಬರೆದು ತಾರೀಕು ಹಾಕಿ ಸಹಿ ಮಾಡಿದರು. ನಮ್ಮ ನಗದು ಪುಸ್ತಕದ ಕ್ರಮವೂ ಅದೇ ತಾನೆ?

ಆದುದರಿಂದ ಸದಸ್ಯರು ಗಮನಿಸತಕ್ಕ ಅಂಶಗಳು:

1. ಕೀಟನಾಶಕವನ್ನು ಬೇರೆ ಬಾಟಲಿಗೆ ಸುರಿಯಬೇಡಿ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ: ಕೆಂಪು ಅತಿ ಹೆಚ್ಚು ವಿಷ, ನಂತರ ಹಳದಿ, ನೀಲಿ, ಹಸಿರು. ಪ್ರತಿವಿಷದ ವಿವರವೂ ಅಲ್ಲಿಯೇ ಇರುತ್ತದೆ.

2. ಮೈಗೆ ತಗುಲಿದರೆ ಬಟ್ಟೆ ಕಳಚಿ ಸೋಪು ನೀರಿನಿಂದ ತೊಳೆಯಿರಿ. ಆಸ್ಪತ್ರೆಗೆ ಡಬ್ಬಿ ಅಥವಾ ಅದರ ಫೋಟೋ ಒಯ್ಯಿರಿ.

3. ‘ಔಷಧಿ’ ಎನ್ನದೆ ‘ಹೊಡೆಯುವಾಗ ಕೀಟನಾಶಕ ಮೈಮೇಲೆ ಸುರಿಯಿತು, ಇಷ್ಟು ಗಂಟೆಗೆ’ ಎಂದು ಬಿಡಿಸಿ ಹೇಳಿ. ಬರೆದುಕೊಂಡದ್ದನ್ನು ಓದಿಸಿ ಕೇಳಿ.

4. ದಾಖಲೆಯ ಪ್ರತಿ ಕೇಳಲು ಸಂಕೋಚ ಬೇಡ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಪಾಡಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು.

ಆಸ್ಪತ್ರೆಯವರನ್ನಷ್ಟೇ ದೂರುವ ಹಕ್ಕು ನನಗಿಲ್ಲ. ಮೊದಲ ತಪ್ಪು ನಮೂದು ನಮ್ಮ ಸಂಘದ ಪುಸ್ತಕದಲ್ಲೇ ಇತ್ತು. ಅಂದಿನಿಂದ ನಮ್ಮ ಮಳಿಗೆಯ ಬಿಲ್ಲಿನಲ್ಲಿ ವಿಷದ ಪೂರ್ತಿ ಹೆಸರು ಬರೆಯುತ್ತಿದ್ದೇವೆ. ಬರೆಯುವುದು ತಡವಾಯಿತೆಂದು ಮಳಿಗೆಯಲ್ಲಿ ಸಿಡಿಮಿಡಿಗೊಳ್ಳುವ ಸದಸ್ಯರು ದಯವಿಟ್ಟು ಎರಡು ನಿಮಿಷ ಸಹಕರಿಸಬೇಕಾಗಿ ವಿನಂತಿ.